ಲೆಗಿನೆಂ ಮತ್ತು ಲೆಗಿನೆಂ ಹಾಳು

ಜೂನ್ 7, ಶುಕ್ರವಾರ

ಸೋಲೊ ಊರಿಗೆ ಬಂದು ಮೂರು ವಾರವಾಯಿತು. ಇಲ್ಲಿ ಎಲ್ಲವೂ ನಿಧಾನ. ನಡಿಗೆ ನಿಧಾನ, ಮಾತು ನಿಧಾನ, ಹಾಡಿನ ವಿಷಯವಂತೂ ಬೇಡವೇ ಬೇಡ. ಇವರ ಒಂದು ಸಾಲು ಮುಗಿಯುವಷ್ಟರಲ್ಲಿ ನಾನು ಜಕಾರ್ತದಲ್ಲಿ ಎರಡು ಮೀಟಿಂಗ್ ಮುಗಿಸಿ ಎದ್ದಿರುತ್ತಿದ್ದೆ. ಬ್ಯಾಂಕಿನವರು ನಮ್ಮ ವಿಭಾಗಕ್ಕೇ ಬೀಗ ಹಾಕಿದ ಮೇಲೆ ನನಗೆ ಸಿಕ್ಕಿದ್ದು ಈ ಧ್ವನಿ ಸಂಗ್ರಹಾಲಯದ ಆರು ತಿಂಗಳ ಕೆಲಸವೊಂದೇ. ಜಕಾರ್ತದ ಇನ್ನೊಂದು ಬ್ಯಾಂಕಿಗೆ ಅರ್ಜಿ ಹಾಕಿದ್ದೇನೆ. ಫೋನನ್ನು ಅಂಗೈಯಲ್ಲೇ ಹಿಡಿದುಕೊಂಡು ಓಡಾಡುತ್ತಿದ್ದೇನೆ, ಬಚ್ಚಲಿಗೂ.

ಹಿಂದಿನ ಕೋಣೆಯಲ್ಲಿ ನಾನು ಮತ್ತು ಸರ್ವರ್. ಮುಂದಿನ ಕೋಣೆಯಲ್ಲಿ ಮಾಸ್ ಗಿಯಾಂತೊ; ನನಗೆ ಅವನು ಮಾಸ್, ಅಂದರೆ ಅಣ್ಣ, ಅವನಿಗೆ ನಾನು ಮ್ಬಾಕ್, ಅಕ್ಕ. ಅವನು ಗಮೆಲಾನ್ ವಾದ್ಯಮೇಳದ ಗಾಯಕಿಯರ ಹಳೆಯ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಓಡಿಸಿ ಕಂಪ್ಯೂಟರಿಗೆ ಇಳಿಸುತ್ತಾನೆ. ಒಬ್ಬೊಬ್ಬ ಗಾಯಕಿಗೆ ಒಂದೊಂದು ಫೋಲ್ಡರ್. ಬೂಷ್ಟು ಹಿಡಿದು ಗೊರಗೊರ ಅನ್ನುವ, ನಡುವೆ ಧ್ವನಿಯೇ ಸತ್ತುಹೋದ ಟೇಪುಗಳಿಗೆ ಪಕ್ಕದಲ್ಲಿ ಇನ್ನೊಂದು, ಅದೇ ಹೆಸರಿನ ಮುಂದೆ ‘ಹಾಳು’ ಎಂದು ಸೇರಿಸಿ. ಡಿಸ್ಕು ತುಂಬಿಹೋಗಿದೆ. ಹಾಳಾದವನ್ನೆಲ್ಲ ಅಳಿಸುತ್ತೇನೆ ಅಂದೆ. ಮೇಲಿನವರು ಹೂಂ ಅಂದರು. ಇವನು ಮಾತ್ರ ಬಾಗಿಲಿಗೆ ಒರಗಿ ನಿಂತ.

“ಇರ್ಲಿ ಬಿಡಿ ಮ್ಬಾಕ್ ವುರಿ. ಯಾವತ್ತಾದ್ರೂ ಬೇಕಾಗತ್ತೆ.”

“ಯಾವತ್ತಾದ್ರೂ ಬೇಕಾಗತ್ತೆ ಅಂತ ನಮ್ಮಮ್ಮ ಪ್ಲಾಸ್ಟಿಕ್ ಚೀಲಗಳನ್ನೂ ಎಸೆಯಲ್ಲ. ನಿಮ್ಮಿಬ್ಬರಿಗೂ ಚೆನ್ನಾಗಿ ಹೊಂದತ್ತೆ.”

ನಕ್ಕು ಹೋದ. ಬೈದರೂ ನಗುತ್ತಾನೆ, ಅದೇ ನನಗೆ ಆಗದು.

ಒಂದೇ ಒಂದು ಸಾಲು ಬರೆದೆ. ಫೈಂಡ್ ಎಂಬ ಕಮ್ಯಾಂಡಿಗೆ, ‘ಹಾಳು’ ಎಂದು ಮುಗಿಯುವ ಫೋಲ್ಡರುಗಳನ್ನೆಲ್ಲ ಹುಡುಕು ಎಂದೆ. ಅದು ಹುಡುಕಿದ ಹೆಸರುಗಳ ಪಟ್ಟಿ ಪೈಪಿನಲ್ಲಿ ಹರಿದು ಪಕ್ಕದ ಎಕ್ಸಾರ್ಗ್ಸ್ ಎಂಬ ಇನ್ನೊಂದು ಕಮ್ಯಾಂಡಿಗೆ ಹೋಗುತ್ತದೆ, ಅದು ಅಳಿಸುವ ಕಮ್ಯಾಂಡಿನ ಕೈಗೆ ಕೊಡುತ್ತದೆ. ಬಾಯಿ ಮುಚ್ಚಿಕೊಂಡು ಅಳಿಸು, ಏನೂ ಕೇಳಬೇಡ ಎಂದೂ ಹೇಳಿದೆ. ಬ್ಯಾಂಕಿನಲ್ಲಿ ದಿನಾ ಮಾಡುತ್ತಿದ್ದದ್ದೇ. ಮೊದಲು ಬರೀ ಪಟ್ಟಿಯನ್ನು ತೆರೆಗೆ ತರಿಸಿ ಕಣ್ಣಾರೆ ನೋಡಿದೆ. ಎಲ್ಲವೂ ಹಾಳಾದವೇ, ಒಂದೂ ತಪ್ಪಿಲ್ಲ. ಆಮೇಲೆ ಎಂಟರ್ ಒತ್ತಿದೆ. ತೆಪ್ಪಗೆ ಮುಗಿಯಿತು.

ಡಿಸ್ಕಿನಲ್ಲಿ ಅಂದುಕೊಂಡಷ್ಟು ಜಾಗ ಆಗಲಿಲ್ಲ. ಈ ಯಂತ್ರವೂ ಸೋಲೊದ್ದೇ, ಲೆಕ್ಕ ಹೇಳಲು ಪುರುಸೊತ್ತು ಬೇಕಿರಬೇಕು.

ಜೂನ್ 10, ಸೋಮವಾರ

ವಾಗಿಮಾನ್ ಎಂಬ ಮುದುಕ ಬಂದಿದ್ದ. ಕೆಂಡಾಂಗ್ ಡೋಲು ಬಾರಿಸುವವನು. ಅಂಗೈಗಳು ಹಳೆಯ ಚಪ್ಪಲಿಯ ಅಟ್ಟೆಯಂತಿವೆ. ನನಗೆ ನಲವತ್ತೊಂದು, ಅವನು ಪುಟ್ಟ ಹುಡುಗಿಯನ್ನು ಕರೆದ ಹಾಗೆ “ನ್ದುಕ್, ನ್ದುಕ್” ಅನ್ನುತ್ತಾನೆ. ಕುರ್ಚಿ ಕೊಟ್ಟರೆ ಅದರ ಅಂಚಿನಲ್ಲಿ ಕೂತ.

ಅವನ ಹೆಂಡತಿ ಲೆಗಿನೆಂ ಹಾಡುತ್ತಿದ್ದವಳು. ತೀರಿಕೊಂಡು ಇದೇ ತಿಂಗಳ ಇಪ್ಪತ್ತೊಂಬತ್ತಕ್ಕೆ ಸಾವಿರ ದಿನ. ಸಾವಿರದ ದಿನದ ಊಟ ಹಾಕಿದ ಮೇಲೆ ಸತ್ತವರು ನಿಜವಾಗಿ ಹೊರಟುಹೋಗುತ್ತಾರೆ, ಆಮೇಲೆ ಕರೆಯುವುದಕ್ಕಿಲ್ಲ. ಅವತ್ತು ಮನೆಯಲ್ಲಿ ಬೇರೆಯವರು ಹಾಡುವುದು ಬೇಡ, ಅವಳದೇ ಧ್ವನಿ ಆಗಬೇಕು ಎಂದು ಮುದುಕನ ಹಟ.

“ಅವತ್ತಿನವರೆಗೂ ಕೇಳಲ್ಲ ಅಂತ ಮನಸ್ಸು ಕಟ್ಟಿ ಇಟ್ಕೊಂಡಿದೀನಿ ನ್ದುಕ್. ರೇಡಿಯೋದಲ್ಲಿ ಹಾಕಿದ್ರೂ ಎದ್ದು ಅಂಗಳಕ್ಕೆ ಹೋಗ್ತಿದ್ದೆ. ಮನೇಲಿ ಅವಳ ಒಂದು ಟೇಪೂ ಇಲ್ಲ. ರೇಡಿಯೋದೋರೂ ತಮ್ಮ ಟೇಪನ್ನ ನಿಮಗೇ ಕೊಟ್ಟಿದಾರೆ, ಇರೋದು ನಿಮ್ಮ ಹತ್ರಾನೇ.”

ಐದು ನಿಮಿಷದ ಕೆಲಸ ಅಜ್ಜ, ಮುಂದಿನ ಸೋಮವಾರ ಬನ್ನಿ, ಕೊಡುತ್ತೇನೆ ಅಂದೆ. ಅವನು ಹೋದ ಮೇಲೆ ಫೋಲ್ಡರ್ ಹುಡುಕಿದೆ. ‘ಲೆಗಿನೆಂ’ ಇಲ್ಲ. ‘ಲೆಗಿನೆಂ ಹಾಳು’ ಇದೆ.

ಹಾಳಾದದ್ದು ಹೋಗಬೇಕಿತ್ತು, ಒಳ್ಳೆಯದು ಇರಬೇಕಿತ್ತು. ಇದು ತಲೆಕೆಳಗು.

ಜೂನ್ 11, ಮಂಗಳವಾರ

ಇನ್ನೊಂದು ಡಿಸ್ಕಿನಲ್ಲಿ ಪ್ರತಿ ಇದೆಯಲ್ಲ ಎಂದು ಓಡಿದೆ. ಅದು ಪ್ರತಿ ಭಾನುವಾರ ಸರ್ವರಿನ ತದ್ರೂಪವಾಗುತ್ತದೆ. ಇಲ್ಲಿ ಇಲ್ಲದ್ದನ್ನು ಅಲ್ಲೂ ಅಳಿಸಿಬಿಡುತ್ತದೆ. ಅಳಿಸಿತ್ತು. ಹಾಗೆ ಹೊಂದಿಸಿದ್ದು ನಾನೇ, ಬಂದ ಮೊದಲ ವಾರ, ಬಹಳ ಜಂಬದಿಂದ.

ಮಾಸ್ ಗಿಯಾಂತೊನ ಮೇಜಿನ ಮುಂದೆ ನಿಂತೆ.

“ಲೆಗಿನೆಂ ಒಳ್ಳೆ ಫೋಲ್ಡರ್ ಎಲ್ಲಿ?”

“ಅಲ್ಲೇ ಇರಬೇಕಲ್ಲ ಮ್ಬಾಕ್.”

“ಇಲ್ಲ. ಹಾಳಾದದ್ದು ಇದೆ. ನೀವು ಹೆಸರಿಡೋವಾಗ ಅದಲು ಬದಲು ಮಾಡಿದೀರಿ. ಇಲ್ಲಾ ಆಮೇಲೆ ಕೈ ಆಡಿಸಿದೀರಿ.”

ಕೀಲಿಮಣೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, “ಇರಬಹುದು ಮ್ಬಾಕ್” ಅಂದ.

“ಇರಬಹುದಾ? ಮೂಲ ಟೇಪ್ ತನ್ನಿ ಹಾಗಾದ್ರೆ.”

ಆ ಟೇಪು ಒಂದೇ ಸಲ ಓಡುವಂತಿತ್ತಂತೆ. ಓಡಿದಂತೆಲ್ಲ ಅದರ ಮೈಮೇಲಿನ ಕಂದು ಪುಡಿ ಉದುರಿ ಯಂತ್ರದ ತಳದಲ್ಲಿ ಬಿತ್ತಂತೆ. ಅದನ್ನು ಅವನು ಕುಂಚದಿಂದ ಗುಡಿಸಿ ಎಸೆದನಂತೆ. ಇದನ್ನು ಹೇಳುವಾಗ ಅವನ ದನಿ ಇಳಿದುಹೋಗಿತ್ತು. ನಾನು ಇನ್ನೂ ಏರಿಸಿದೆ. ಗೇಟಿನ ಹತ್ತಿರ ಮೀನುಂಡೆ ಸಾರು ಮಾರುವವನೂ ತಿರುಗಿ ನೋಡಿದ.

ಜೂನ್ 12, ಬುಧವಾರ

ಗಿಯಾಂತೊ ಬರಲಿಲ್ಲ. ಒಳ್ಳೆಯದೇ ಆಯಿತು.

ಜಕಾರ್ತದಿಂದ ಫೋನಿಲ್ಲ.

ಜೂನ್ 14, ಶುಕ್ರವಾರ

ಇವತ್ತೂ ಬರಲಿಲ್ಲ. ಕ್ಲಾತೆನ್‌ನ ತಾಯಿ ಮನೆಗೆ ಹೋಗಿದ್ದಾನಂತೆ. ತಪ್ಪು ಮಾಡಿ ಊರಿಗೆ ಓಡಿದರೆ ಆಯಿತೇ?

ಅಳಿದ ಫೈಲುಗಳನ್ನು ಡಿಸ್ಕಿನಿಂದ ಕೆದಕಿ ತೆಗೆಯುವ ಸಾಧನಗಳನ್ನೆಲ್ಲ ಓಡಿಸಿದೆ. ಖಾಲಿಯಾದ ಜಾಗದ ಮೇಲೆ ಶನಿವಾರವೇ ಹೊಸ ಟೇಪುಗಳು ಬಂದು ಕೂತಿವೆ. ಸಿಕ್ಕಿದ್ದು ಚೂರುಪಾರು, ಒಂದೊಂದು ಸೆಕೆಂಡಿನವು. ಒಂದರಲ್ಲಿ ‘ಆ’ ಅನ್ನುವಂಥ ಧ್ವನಿ ಇದೆ. ಯಾರದೋ ಗೊತ್ತಿಲ್ಲ.

ಹಾಳಾದ ಫೋಲ್ಡರನ್ನು ತೆರೆದು ಕೇಳಿದೆ. ಬೇರೆ ದಾರಿಯಿರಲಿಲ್ಲ. ಸ್ಟುಡಿಯೋದ್ದಲ್ಲ, ಯಾರದೋ ಮನೆಯಲ್ಲಿ ಅಭ್ಯಾಸ ಮಾಡುವಾಗ ಹಿಡಿದದ್ದು. ಕೋಳಿ ಕೂಗುತ್ತದೆ, ಮಗು ಅಳುತ್ತದೆ, ಟೊಫು ಮಾರುವವನು ಹಾದು ಹೋಗುತ್ತಾನೆ. ಡೋಲು, ಅದರ ಮೇಲೆ ಹೆಂಗಸಿನ ಧ್ವನಿ. ಶುರುವಾದ ಮೇಲೆ ಅವಳೇ ನಿಲ್ಲಿಸಿ ಡೋಲಿನವನನ್ನು ಗದರುತ್ತಾಳೆ: “ಏನ್ರೀ, ಓಡ್ತಿದೀರಲ್ಲ! ನಂಗೇನು ರೈಲು ತಪ್ಪತ್ತಾ?” ಮತ್ತೆ ಮೊದಲಿನಿಂದ. ಅದೇ ಸಾಲು ಸುತ್ತಿ ಸುತ್ತಿ ಬರುತ್ತದೆ. ಮೂರನೇ ಸುತ್ತಿನ ನಡುವೆ ಏನೂ ಇಲ್ಲ. ಬೂಷ್ಟು ತಿಂದ ಜಾಗ. ಬರೀ ಸೊಯ್ಯನೆ ಸದ್ದು. ಬಹಳ ಹೊತ್ತಿನ ಮೇಲೆ ಧ್ವನಿ ವಾಪಸ್ಸು ಬರುತ್ತದೆ.

ಮೊದಲ ಸಲ ಮುಂದಕ್ಕೆ ಓಡಿಸಿ ಕೇಳಿದೆ. ಆಮೇಲೆ ಇನ್ನೂ ನಾಲ್ಕೈದು ಸಲ ಕೇಳಿದೆ. ಏನಾದರೂ ರಿಪೇರಿ ಸಾಧ್ಯವೇ ನೋಡಬೇಕಲ್ಲ.

ಜೂನ್ 17, ಸೋಮವಾರ

ಮುದುಕ ಬಂದ, ಕೈಯಲ್ಲಿ ಬಾಳೆ ಎಲೆಯ ಪೊಟ್ಟಣ. ಅನ್ನ, ತೆಂಗಿನ ಹಾಲಿನ ಪಲ್ಯ. “ತಿನ್ನು, ಸೊರಗಿದೀಯ” ಅಂದ. ನಾನು ನಿಂತುಕೊಂಡೇ ಹೇಳಿಬಿಟ್ಟೆ: ಹೋಯಿತು ಅಜ್ಜ, ಸಿಗುವುದಿಲ್ಲ.

ಅವನಿಗೆ ಅರ್ಥವಾಗಲಿಲ್ಲ. ಯಾವಾಗ ಸಿಗುತ್ತೆ ಎಂದು ಕೇಳಿದ. ಇನ್ನೊಮ್ಮೆ ಹೇಳಿದೆ. ಒಂದು ಹಾಳಾದ ಟೇಪು ಮಾತ್ರ ಉಳಿದಿದೆ, ಅದು ಕೇಳಿಸುವಂತಿಲ್ಲ ಅಂದೆ. ಆಗ ಕರಿ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

“ಬೇರೆಯವರದೆಲ್ಲ ಇದೆಯಾ?”

“ಇದೆ.”

“ನನ್ನ ಮುದುಕಿದು ಮಾತ್ರ ಹೋಯ್ತಾ?”

ನಾನು ಪೊಟ್ಟಣವನ್ನು ಮೇಜಿನ ಮೇಲಿಟ್ಟೆ.

“ಅವಳಿಗೆ ಯಾವಾಗ್ಲೂ ಹೀಗೇನೇ” ಅಂದ. “ಬೇರೆಯವರಿಗೆಲ್ಲ ಅರಮನೆಯೋರು ‘ನ್ಯೀ’ ಅಂತ ಬಿರುದು ಹೆಸರಿನ ಹಿಂದೆ ಹಚ್ಚಿ ಕಳಿಸಿದ್ರು. ನ್ಯೀ ಅದು, ನ್ಯೀ ಇದು. ಇವಳು ಮದುವೆ ಮನೇಲಿ, ಗದ್ದೆ ಬದೀಲಿ ಹಾಡಿದೋಳು. ಬರೀ ಲೆಗಿನೆಂ. ರೇಡಿಯೋದೋರು ಪೂರ್ತಿ ಹೆಸರು ಹೇಳಮ್ಮ ಅಂದ್ರೆ, ನಮ್ಮಪ್ಪ ಬಡವ, ಒಂದೇ ಕೊಡಿಸಿದ್ದು ಅಂತಿದ್ಲು.”

ಹೇಳುತ್ತಾ ನಗಲು ಹೋದ, ಆಗಲಿಲ್ಲ. ಚಹಾ ಮುಟ್ಟದೆ ಎದ್ದು ಹೋದ. ಪೊಟ್ಟಣ ಇನ್ನೂ ಮೇಜಿನ ಮೇಲಿದೆ.

ನನಗೂ ಒಂದೇ ಹೆಸರು. ಬ್ಯಾಂಕಿನ ಫಾರ್ಮಿನಲ್ಲಿ ಎರಡು ಖಾನೆ ತುಂಬಲೇಬೇಕು ಎಂದಾಗ ‘ವುರ್ಯಾನಿ ವುರ್ಯಾನಿ’ ಎಂದು ಬರೆದಿದ್ದೆ. ಹತ್ತು ವರ್ಷ ಎಲ್ಲರೂ ಅದನ್ನೇ ಆಡಿಕೊಂಡು ನಕ್ಕರು.

ಜೂನ್ 18, ಮಂಗಳವಾರ

ಎದ್ದಾಗಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಅವಳದು ಮಾತ್ರ ಏಕೆ? ಅವಳು ಮಾತ್ರ ಬರೀ ಲೆಗಿನೆಂ.

ಕಚೇರಿಗೆ ಹೋದವಳೇ ಎಲ್ಲ ಫೋಲ್ಡರುಗಳ ಪಟ್ಟಿ ತರಿಸಿದೆ. ಇಷ್ಟು ದಿನ ಲೆಗಿನೆಂ ಒಬ್ಬಳನ್ನೇ ನೋಡುತ್ತಿದ್ದೆ, ಉಳಿದವನ್ನು ನೋಡಿರಲೇ ಇಲ್ಲ. ನ್ಯೀ ಸುಲಾಸ್ತ್ರಿ ಹಾಳು, ಇದೆ. ನ್ಯೀ ಮುಂತಿಯಾ ಹಾಳು, ಇದೆ. ಒಂದೂ ಅಳಿದಿಲ್ಲ! ಎಲ್ಲ ಹಾಳುಗಳೂ ಇದ್ದಲ್ಲೇ ಇವೆ. ನಾನು ಅಳಿಸಿದ್ದಾದರೂ ಏನನ್ನು?

‘ವುರ್ಯಾನಿ’ ಎಂದು ಒಂದು ಖಾಲಿ ಫೋಲ್ಡರ್ ಮಾಡಿದೆ. ಪಕ್ಕದಲ್ಲಿ ‘ವುರ್ಯಾನಿ ಹಾಳು’. ಬೇರೆಯವು ಇಲ್ಲದ ಜಾಗದಲ್ಲಿ. ಅದೇ ಸಾಲನ್ನು ಅಕ್ಷರ ಬಿಡದೆ ಬರೆದು ಎಂಟರ್ ಒತ್ತಿದೆ.

ಉಳಿದದ್ದು ‘ವುರ್ಯಾನಿ ಹಾಳು’.

ಎದ್ದು ಅಂಗಳದಲ್ಲಿ ಎಷ್ಟು ಸುತ್ತು ಹಾಕಿದೆನೋ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಕ್ಯಾಕರಿಸಿ ಉಗಿಯುವಷ್ಟು. ಬ್ಯಾಂಕಿನಲ್ಲಿ ಫೈಲಿನ ಹೆಸರಿನ ನಡುವೆ ಜಾಗ ಬಿಡುವುದಕ್ಕೇ ಯಾರಿಗೂ ಅನುಮತಿ ಇರಲಿಲ್ಲ. ಇಲ್ಲಿ ಮನುಷ್ಯರು ಹೆಸರಿಡುತ್ತಾರೆ, ಮನುಷ್ಯರು ಜಾಗ ಬಿಡುತ್ತಾರೆ.

ಜೂನ್ 19, ಬುಧವಾರ

ಕ್ಲಾತೆನ್‌ಗೆ ಹೋಗಿ ಬಂದೆ. ದಾರಿಯುದ್ದಕ್ಕೂ ಲೆಗಿನೆಂಳ ಆ ಸಾಲೇ ತಲೆಯಲ್ಲಿ ಸುತ್ತುತ್ತಿತ್ತು. ಬಸ್ಸಿನಲ್ಲಿ ಪಕ್ಕದ ಹೆಂಗಸು “ನೀವು ಹಾಡ್ತೀರಾ?” ಎಂದು ಕೇಳಿದಳು. ಇಲ್ಲ ಅಂದೆ. ನನ್ನ ಮುಖದಲ್ಲಿ ಏನು ಕಂಡಳೋ.

ಗಿಯಾಂತೊ ಜಗುಲಿಯಲ್ಲಿ ಕೂತು ಯಾರದೋ ಫ್ಯಾನ್ ಬಿಚ್ಚಿದ್ದ. ಅವನ ತಾಯಿ ಬೇಡವೆಂದರೂ ಕರಿದ ತೆಂಪೆ ಸೋಯಾ ಬಿಲ್ಲೆಗಳನ್ನು ತಟ್ಟೆಗೆ ಹಾಕಿದರು. ನಾನು ಕೂರದೆ ನಿಂತೇ ಹೇಳಿದೆ:

“ಮಾಸ್, ಅಳಿಸಿದ್ದು ನಾನು. ನೀವಲ್ಲ.”

ಅವನು ಸ್ಕ್ರೂ ಡ್ರೈವರ್ ಕೆಳಗಿಟ್ಟ. “ಹೇಗೆ?” ಅಂತ ಮಾತ್ರ ಕೇಳಿದ.

“ಸಾವಿನ ಊಟದ ಡಬ್ಬಿ ಹಂಚೋವಾಗ ಒಳಗಿನವನು ಹೆಸರು ಕೂಗ್ತಾನೆ, ಬಾಗಿಲಲ್ಲಿ ನಿಂತವನು ಕೊಡ್ತಾನೆ ತಾನೇ? ಒಳಗಿನವನು ‘ಲೆಗಿನೆಂ ಹಾಳು’ ಅಂತ ಸರಿಯಾಗೇ ಕೂಗ್ದ. ಬಾಗಿಲಲ್ಲಿದ್ದವನು ನಡುವೆ ಸಂದು ಕಂಡ ತಕ್ಷಣ ಇಬ್ಬರು ಅಂತ ತಿಳ್ಕೊಂಡ. ಲೆಗಿನೆಂ ಒಬ್ಬಳು, ಹಾಳು ಅಂತ ಇನ್ನೊಬ್ಬ. ಹಾಳು ಅನ್ನೋ ಹೆಸರಿನೋರು ಯಾರೂ ಇರ್ಲಿಲ್ಲ. ಲೆಗಿನೆಂ ಇದ್ದಳು. ಅವಳನ್ನ ಮುಗಿಸ್ದ.”

“ಮತ್ತೆ ನ್ಯೀಗಳು?”

“ಅವರದು ಅವನಿಗೆ ಮೂರು ಮೂರು ಚೂರು. ಬರೀ ನ್ಯೀ ಅಂತ ಯಾರಿದಾರೆ? ಬರೀ ಸುಲಾಸ್ತ್ರಿ ಅಂತ ಯಾರಿದಾರೆ? ಯಾರೂ ಸಿಗ್ಲಿಲ್ಲ. ಸಿಗದಿದ್ರೆ ಬಾಯಿ ಬಿಡಬೇಡ ಅಂತ ನಾನೇ ಹೇಳಿದ್ದೆ, ತೆಪ್ಪಗಿದ್ದ.”

ಅವನು ಫ್ಯಾನಿನ ರೆಕ್ಕೆ ಒರೆಸತೊಡಗಿದ.

“ನೀವ್ಯಾಕೆ ಇರಬಹುದು ಅಂದ್ರಿ?” ಎಂದು ರೇಗಿದೆ. “ನಾನು ಮಾಡಿಲ್ಲ ಅಂತ ಕಿರುಚಬೇಕಿತ್ತು!”

“ನೀವು ಅಷ್ಟು ಕೋಪದಲ್ಲಿದ್ರಲ್ಲ ಮ್ಬಾಕ್. ಇಲ್ಲ ಅಂದ್ರೆ ನಿಮಗೆ ಅವಮಾನ ಆಗ್ತಿತ್ತು.”

ಎಂಥ ಜನ! ಇಪ್ಪತ್ತು ವರ್ಷ ಹೊರಗಿದ್ದು, ‘ಇರಬಹುದು’ ಅಂದರೆ ಇಲ್ಲಿ ಏನರ್ಥ ಎನ್ನುವುದನ್ನೇ ಮರೆತಿದ್ದೇನೆ. ನಾನೂ ಇದೇ ನೀರು ಕುಡಿದು ಬೆಳೆದವಳು.

ತೆಂಪೆ ಪೂರ್ತಿ ತಿಂದೆ. ನಾಳೆ ಬರುತ್ತಾನಂತೆ.

ಜೂನ್ 21, ಶುಕ್ರವಾರ

ನಮಾಜು ಮುಗಿಸಿ ಮುದುಕ ನೇರವಾಗಿ ಬಂದ. ತಪ್ಪು ಯಾರದೆಂದು ಹೇಳಿದೆ. ಕೇಳಿಸಿತೋ ಇಲ್ಲವೋ, ಕುರ್ಚಿ ಎಳೆದು ಸ್ಪೀಕರಿನ ಮುಂದೆ ಕೂತ.

“ಹಾಳಾದದ್ದು ಒಂದಿದೆ ಅಂದ್ಯಲ್ಲ. ಹಾಕು. ಹೇಗಿದೆ ಅಂತ ನೋಡ್ತೀನಿ. ವ್ರತ ಮುರಿದ್ರೆ ಮುರೀತು.”

ಹಾಕಿದೆವು. ಕೋಳಿ ಕೂಗಿತು. ಮಗು ಅತ್ತಿತು. ಮುದುಕ ಹುಬ್ಬು ಗಂಟಿಕ್ಕಿದ. “ಏನ್ರೀ, ಓಡ್ತಿದೀರಲ್ಲ! ನಂಗೇನು ರೈಲು ತಪ್ಪತ್ತಾ?” ಅವನ ಕೈ ಮಂಡಿಯ ಮೇಲಿಂದ ಮೇಲಕ್ಕೆದ್ದು ಹಾಗೇ ನಿಂತುಬಿಟ್ಟಿತು.

“ಅದು ನಾನು” ಅಂದ. “ಆ ಡೋಲು ನಂದು. ನಮ್ಮನೆ. ಆ ಅಳೋದು ನಮ್ಮ ದೊಡ್ಡವಳು.”

ಅಳಿದುಹೋದ ಸ್ಟುಡಿಯೋ ಟೇಪಿನಲ್ಲಿ ಅವಳ ಜೊತೆ ಬಾರಿಸಿದ್ದು ರೇಡಿಯೋದವರ ಡೋಲಿನವನಂತೆ. ಇವನು ಹೊರಗೆ ಬೆಂಚಿನ ಮೇಲೆ ಕೂತಿದ್ದನಂತೆ. ಹಾಗಂತ ಸಮಾಧಾನವಾಯಿತು ಅಂದುಕೊಳ್ಳುವ ಹಾಗಿಲ್ಲ. “ಅದರಲ್ಲಿ ಮೇಲಿನ ಸ್ವರಕ್ಕೆ ಏರಿದ್ಲು ನೋಡು, ಹಾಗೆ ಮತ್ತೆಂದೂ ಏರಲಿಲ್ಲ. ಅದು ಹೋಯ್ತು ಅಂದ್ರೆ ಹೋಯ್ತು” ಎಂದು ನನ್ನ ಮುಖ ನೋಡಿ ಹೇಳಿದ. ನಾನು ತಲೆ ತಗ್ಗಿಸಿದೆ. ಹಾಗೆ ಮುಖಕ್ಕೇ ಅವನು ಹೇಳಿದ್ದು ಒಳ್ಳೆಯದಾಯಿತು.

ಎರಡನೇ ಸುತ್ತಿನಲ್ಲಿ ಅವಳು ನಿಂತಳು. ಸುತ್ತು ಮುಗಿಯಿತು, ಇಲ್ಲಿಗೇ ನಿಲ್ಲಿಸೋಣ ಎಂದು ನಾನು ಬಟನ್ ಒತ್ತಲು ಹೋದೆ. ಮುದುಕ ನನ್ನ ಕೈಯ ಮೇಲೊಂದು ಹಾಕಿದ.

“ಅದು ಉಸಿರು ನ್ದುಕ್! ಉಸಿರು ತಗೊಂಡ ಕಡೆಯೆಲ್ಲ ಹಾಡು ಮುಗಿಯತ್ತಾ? ದೊಡ್ಡ ಜಾಗಟೆ ಬಿದ್ದ ಮೇಲೆ ಮುಗಿಯೋದು.”

ಗಿಯಾಂತೊ ನನ್ನ ಕಡೆ ನೋಡಿ ಮೂತಿ ತಿರುಗಿಸಿಕೊಂಡು ನಕ್ಕ. ನನಗೂ ಗೊತ್ತಾಯಿತು. ಎಕ್ಸಾರ್ಗ್ಸ್‌ನ ಕೈಗೂ ಯಾರಾದರೂ ಹೀಗೇ ಒಂದು ಹಾಕಬೇಕಿತ್ತು.

ಮುಂದೆ ಬೂಷ್ಟು ತಿಂದ ಜಾಗ ಬರುತ್ತದೆ, ಅದನ್ನು ಕತ್ತರಿಸಿ ಎರಡು ತುದಿ ಜೋಡಿಸುತ್ತೇನೆ, ಗೊತ್ತೇ ಆಗದ ಹಾಗೆ, ಅಂದೆ.

“ಕತ್ತರಿಸಬೇಡ. ಅಲ್ಲೂ ಅವಳು ಹಾಡ್ತಿದಾಳೆ. ಟೇಪಿಗೆ ಕೇಳಿಸಿಲ್ಲ ಅಷ್ಟೇ.”

ಆ ಜಾಗ ಬರುವ ಮೊದಲೇ ನಿಲ್ಲಿಸಲು ಹೇಳಿದ. ಉಳಿದದ್ದು ಅವತ್ತೇ ಆಗಲಿ ಅಂದ.

ಜೂನ್ 25, ಮಂಗಳವಾರ

ಹಾಳಾದವನ್ನು ಅಳಿಸುವ ಯೋಚನೆ ಬಿಟ್ಟಾಯಿತು, ಹೊಸ ಡಿಸ್ಕು ಕೇಳಿದ್ದೇನೆ. ಅವನ್ನು ಅಲ್ಲಿಗೆ ಸಾಗಿಸಲು ಸಾಲನ್ನು ಹೊಸದಾಗಿ ಬರೆದೆ. ಪ್ರತಿ ಹೆಸರು ಪೂರ್ತಿ ಮುಗಿದ ಮೇಲೆ ಫೈಂಡ್ ಒಂದು ಸೊನ್ನೆಯ ಗುರುತು ಹಾಕುತ್ತದೆ. ಯಾವ ಹೆಸರಿನೊಳಗೂ ಅದು ಬರಲಾರದು. ಆ ಗುರುತು ಬೀಳುವವರೆಗೆ ಹೆಸರು ಮುಗಿದಿಲ್ಲ ಎಂದು ಎಕ್ಸಾರ್ಗ್ಸ್‌ಗೂ ಹೇಳಿದೆ. ಅಳಿದ ‘ವುರ್ಯಾನಿ’ಯನ್ನು ಮತ್ತೆ ಮಾಡಿ ಮೊದಲು ಅದರ ಮೇಲೆ ಪ್ರಯೋಗ. ಇಬ್ಬರೂ ಉಳಿದರು. ‘ಹಾಳು’ ಎನ್ನುವ ಹೆಸರೂ ಬೇಡ, ‘ಮನೆಯಲ್ಲಿ’ ಅಂತಿಡೋಣವೇ ಎಂದು ಗಿಯಾಂತೊ ಕೇಳುತ್ತಿದ್ದಾನೆ. ಜಾಗ ಬಿಟ್ಟೇ ಬರೆಯಿರಿ ಅಂದೆ.

ಜಕಾರ್ತದ ಬ್ಯಾಂಕಿನವರು ಫೋನ್ ಮಾಡಿದ್ದರಂತೆ, ನಿನ್ನೆ ಎರಡು ಸಲ. ಫೋನು ಚೀಲದ ತಳದಲ್ಲಿತ್ತು. ತಿರುಗಿ ಮಾಡಬೇಕು.

“ಶ್ರುತಿ ಒಂಚೂರು ಕೆಳಗಿದೆ ಮ್ಬಾಕ್” ಎಂದು ಮುಂದಿನ ಕೋಣೆಯಿಂದ ಗಿಯಾಂತೊ ಕೂಗಿದ. ಯಾವ ಟೇಪಿನ ಮಾತೋ. ಅವನ ಮಾತೇ ಹೀಗೆ.

ಜೂನ್ 29, ಶನಿವಾರ

ಮಧ್ಯಾಹ್ನದಿಂದಲೇ ಒಂದು ಭಯ ನನ್ನನ್ನು ತಿನ್ನುತ್ತಿತ್ತು: ಆ ಖಾಲಿ ಜಾಗ ಬಂದಾಗ ಅಷ್ಟು ಜನರ ಮುಂದೆ ಮುದುಕನ ಗತಿ ಏನು? ಅವನು ಬಾರಿಸುತ್ತಾ ಹೋಗುತ್ತಾನೆ, ಅವಳು ಎಲ್ಲಿಗೋ ಬಂದು ಸೇರುತ್ತಾಳೆ, ಒಂದಕ್ಕೊಂದು ತಾಳವಿಲ್ಲದೆ. ಕತ್ತರಿಸಿದ ಪ್ರತಿಯೊಂದನ್ನು ಯಾರಿಗೂ ಹೇಳದೆ ಚೀಲದಲ್ಲಿ ಹಾಕಿಕೊಂಡಿದ್ದೆ.

ಮನೆಯ ತುಂಬ ಚಾಪೆ. ಪ್ರಾರ್ಥನೆ ಮುಗಿಯಿತು. ಮುದುಕ ಡೋಲನ್ನು ತೊಡೆಯ ಮುಂದೆ ಎಳೆದುಕೊಂಡ. ಅವನ ಅಣ್ಣನ ಮಗ ಜಾಗಟೆಯ ಹತ್ತಿರ. ಸ್ಪೀಕರಿನ ಪಕ್ಕ ಗಿಯಾಂತೊ, ಅವನ ಪಕ್ಕ ನಾನು. ಕತ್ತರಿಸಿದ್ದು ಚೀಲದಲ್ಲೇ ಇತ್ತು. ಅದನ್ನು ತೆಗೆಯಲಿಲ್ಲ.

ಕೋಳಿ ಕೂಗಿದಾಗ ಜನ ನಕ್ಕರು. ಅವಳು ಗದರಿದಾಗ ಮುದುಕಿಯರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಮುದುಕ ಅಂದಿನ ತನ್ನ ಡೋಲಿನ ಜೊತೆಗೇ ಮೆಲ್ಲಗೆ ಬಾರಿಸುತ್ತಿದ್ದ, ಈ ಸಲ ಓಡದೆ. ಮೂರನೇ ಸುತ್ತು ಬಂತು.

ಅವಳು ಹೋದಳು. ಹಳೆಯ ಡೋಲೂ ಹೋಯಿತು. ಸೊಯ್ಯನೆ ಸದ್ದು, ಅದರ ಮೇಲೆ ಮುದುಕನ ಎರಡು ಕೈ. ಕಣ್ಣು ಮುಚ್ಚಿ ಬಾರಿಸುತ್ತಲೇ ಇದ್ದ. ನಾನು ಆ ಸಾಲನ್ನು ಮನಸ್ಸಿನಲ್ಲೇ ಹಿಡಿದುಕೊಂಡಿದ್ದೆ. ಈಗ ಇಲ್ಲಿಗೆ ಬಂದಿರಬೇಕು, ಈಗ ಏರುತ್ತಿರಬೇಕು, ಈಗ ಉಸಿರು, ಈಗ ಇಳಿಯಬೇಕು, ಇಷ್ಟೇ. ಮುದುಕನ ಬಲಗೈ ಜೋರಾಗಿ ಬಿತ್ತು, ಅದೇ ಪೆಟ್ಟಿಗೆ ಸರಿಯಾಗಿ ಲೆಗಿನೆಂ ವಾಪಸ್ಸು ಬಂದಳು. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

ಜಾಗಟೆ ಬಿದ್ದ ಮೇಲೆ ಮುದುಕ ಡೋಲಿನ ಮೇಲೆ ಹಣೆಯಿಟ್ಟು ಅತ್ತ. ನಾನೂ ಅತ್ತೆ. ಇಡೀ ಮನೆ ಅತ್ತಿತು.

ಒಂದು ಮಾತ್ರ ತಿಳಿಯಲಿಲ್ಲ. ಆ ಖಾಲಿ ಜಾಗದಲ್ಲಿ ಮುಂದಿನ ಸಾಲಿನವರೆಲ್ಲ ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿ ನಾವು ಕೂತ ಕಡೆ ನೋಡುತ್ತಿದ್ದರು. ಸ್ಪೀಕರ್ ಕೆಟ್ಟಿತು ಅಂದುಕೊಂಡರೋ ಏನೋ. ಗಿಯಾಂತೊ ಸ್ಪೀಕರನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದ. ಹೊರಡುವಾಗ ಮುದುಕ ಊಟದ ಡಬ್ಬಿಯನ್ನು ತಾನೇ ತಂದು ನನ್ನ ಕೈಗಿಟ್ಟು, ಕೈ ಬಿಡದೆ ಹೇಳಿದ:

“ಆ ಜಾಗದಲ್ಲಿ ಅವಳನ್ನ ಒಬ್ಬಳನ್ನೇ ಬಿಡ್ಲಿಲ್ಲ ನೀನು, ನ್ದುಕ್.”

ನಾನೇನು ಮಾಡಿದೆ? ಕತ್ತರಿಸಬೇಡ ಅಂದ, ಕತ್ತರಿಸಲಿಲ್ಲ. ಸುಮ್ಮನೆ ಕೂ‌ತಿದ್ದೆ.

ಗಂಟಲು ಮಾತ್ರ ಯಾಕೋ ಹಾಡಿ ಬಂದವರ ಹಾಗೆ ಒಣಗಿಹೋಗಿತ್ತು. ಬಂದು ಎರಡು ಲೋಟ ಚಹಾ ಕುಡಿದೆ.